ಆಗುಂಬೆ ಘಾಟಿ ಹತ್ತೋಕೆ ಕ್ಲಾಸಿಕ್ 350ಗೆ ಕೋನ್ ಫಿಲ್ಟರ್ ಹಾಕಿಸಬಹುದಾ?

ತೀರ್ಥಹಳ್ಳಿಯವರು, ಗಾಡಿ 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಇಬ್ಬರು ಕೂತು ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಎಳೆಯಲ್ಲ, ಕಂಪನಿ ಏರ್‌ಬಾಕ್ಸ್ (ಏರ್ ಫಿಲ್ಟರ್ ಕೂರುವ ಡಬ್ಬಿ) ತೆಗೆದು, ಡಬ್ಬಿ ಇಲ್ಲದೆ ಹೊರಗೇ ಕೂರುವ ಕೋನ್ ಫಿಲ್ಟರ್ ಕೂರಿಸಿದರೆ ಸರಿಯಾಗುತ್ತಾ ಅಂತ ಕೇಳಿದ್ದೀರಿ. ಹಾಕಿಸಬೇಡಿ ಮಾರಾಯ್ರೆ. ಇದೇ ಆಸೆಯಲ್ಲಿ ನನ್ನ ಗಾಡಿಯ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಹೋಗಿದೆ, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳ್ತಿದ್ದೀನಿ.

ನನ್ನದು 2013ರ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಕ್ಲಾಸಿಕ್, 346 ಸಿಸಿ. ಮನೆ ರಿಪ್ಪನ್‌ಪೇಟೆ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ಮನೆಯಿಂದ ಡಾಂಬರು ಮುಟ್ಟೋವರೆಗೂ ಜಂಬಿಟ್ಟಿಗೆ ಮಣ್ಣಿನ ರಸ್ತೆ. ಶಿವರಾತ್ರಿ ಕಳೆದ ಮೇಲೆ ಅಲ್ಲಿ ಮುಂದೊಂದು ಪಿಕಪ್ ಹೋದರೆ ಹಿಂದಿರುವವನ ಹುಬ್ಬೆಲ್ಲ ಕೆಂಪು. ಆ ಧೂಳನ್ನೇ ಎಂಜಿನ್ನೂ ಉಸಿರಾಡುತ್ತೆ ಅನ್ನೋದನ್ನ ನಾನು ಆಗ ಯೋಚನೆ ಮಾಡಲೇ ಇಲ್ಲ.

ಅಂಗಡಿಯಲ್ಲಿ ಇದ್ದಿದ್ದು ಒಂದೇ ಕೋನ್, ಎಣ್ಣೆ ಹಾಕಿ ಬಳಸುವ ಹತ್ತಿ ಬಟ್ಟೆಯದು. ಅದರ ರಬ್ಬರ್ ಬಾಯಿ ನನ್ನ ಕಾರ್ಬುರೇಟರ್ ಬಾಯಿಗಿಂತ ಒಂದು ಸೈಜ್ ದೊಡ್ಡದು. ಕ್ಲಾಂಪ್ ಬಿಗಿದರೆ ಕೂರುತ್ತೆ ಅಂದರು. ಮನೆಗೆ ತಂದು ಬಿಗಿದೆ, ಆದರೂ ಹಿಡಿದು ತಿರುಗಿಸಿದರೆ ತಿರುಗುತ್ತಿತ್ತು. ಹಳೆ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ ಕಾರ್ಬುರೇಟರ್ ಬಾಯಿಗೆ ಸುತ್ತಿ, ಅದರ ಮೇಲೆ ಕೋನ್ ಎಳೆದು ಕೂರಿಸಿ ಮತ್ತೆ ಬಿಗಿದೆ. ಈಗ ಅಲ್ಲಾಡಲಿಲ್ಲ. ನನ್ನ ತಪ್ಪು ಇದೊಂದೇ, ಆ ಟ್ಯೂಬಿನ ಪಟ್ಟಿ. ಇದನ್ನ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಎಷ್ಟೋ ಜನ ಇವತ್ತಿಗೂ ಹೀಗೇ ಮಾಡ್ತಿದ್ದಾರೆ.

ಪಟ್ಟಿ ಸುತ್ತಿದಾಗ ಅದರ ತುದಿ ಎಲ್ಲೋ ಒಂದು ಕಡೆ ಕೊನೆಯಾಗಬೇಕಲ್ಲ. ಆ ತುದಿಯಲ್ಲಿ ಟ್ಯೂಬಿನ ದಪ್ಪದಷ್ಟು ಒಂದು ಮೆಟ್ಟಿಲು ಬೀಳುತ್ತೆ. ಕ್ಲಾಂಪ್ ದುಂಡಗೆ ಬಿಗಿಯುತ್ತದೆಯೇ ಹೊರತು ಮೆಟ್ಟಿಲಿನ ಮೂಲೆಗೆ ಹೋಗಿ ಒತ್ತಲ್ಲ. ಮೂಲೆಯಲ್ಲಿ ಕಡ್ಡಿ ತೂರುವಷ್ಟು ಸಂದಿ, ಹೊರಗಿನಿಂದ ಒಳಗಿನವರೆಗೂ ನೇರ ಉಳಿಯುತ್ತೆ. ನನ್ನದರಲ್ಲಿ ಆ ತುದಿ ಬಂದಿದ್ದು ಅಡಿಭಾಗದಲ್ಲಿ, ಹಿಂದಿನ ಚಕ್ರದ ಕಡೆಗೆ. ಅಲ್ಲಿ ಕಣ್ಣು ಹಾಯಲ್ಲ, ಧೂಳು ಮಾತ್ರ ಚೆನ್ನಾಗಿ ಹಾಯುತ್ತೆ. ಸಾಲದ್ದಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ಪೆಟ್ರೋಲಿಗೆ ತಡೆಯಲ್ಲ. ಕಾರ್ಬುರೇಟರಿನಿಂದ ಹಿಂದಕ್ಕೆ ಚಿಮ್ಮುವ ಪೆಟ್ರೋಲ್ ಆವಿ ತಾಗಿ ತಾಗಿ ಉಬ್ಬಿ ಮೆತ್ತಗಾಗುತ್ತೆ, ಬಿಸಿಗೆ ಜಾರುತ್ತೆ. ಇವತ್ತು ಇದ್ದ ಸಂದಿ ಮುಂದಿನ ತಿಂಗಳು ಇನ್ನಷ್ಟು ದೊಡ್ಡದು.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಅರ್ಥ ಆಯ್ತು. ಸಂದಿ ಇರೋದು ಫಿಲ್ಟರ್ ದಾಟಿದ ಮೇಲೆ. ಎಂಜಿನ್ ಎಳೆಯುವ ಗಾಳಿ ಯಾವ ದಾರಿ ಸಲೀಸೋ ಅಲ್ಲಿಂದ ಬರುತ್ತೆ. ಫಿಲ್ಟರಿನ ಹತ್ತಿಗೆ ಧೂಳು ಕಟ್ಟಿದಷ್ಟೂ ಅಲ್ಲಿ ತಡೆ ಜಾಸ್ತಿ, ಸಂದಿಯ ಮೂಲಕ ನುಗ್ಗುವ ಪಾಲು ಜಾಸ್ತಿ. ನಾನು ತಪ್ಪದೆ ಕೋನ್ ತೊಳೆದು, ಒಣಗಿಸಿ, ಎಣ್ಣೆ ಹಾಕಿ ಕೂರಿಸುತ್ತಿದ್ದೆ. ಪ್ರತಿ ಸಲ ಬಿಚ್ಚಿ ಹಾಕುವಾಗಲೂ ಅದೇ ಪಟ್ಟಿ ಇನ್ನೊಂಚೂರು ಹಿಗ್ಗುತ್ತಿತ್ತು.

ಪೆಟ್ರೋಲ್ ಜಾಸ್ತಿ ಬರಲಿ ಅಂತ ಕಾರ್ಬುರೇಟರಿನ ಮೇನ್ ಜೆಟ್ ದೊಡ್ಡದು ಹಾಕಿಸಿದ್ದೆ. ಪ್ಲಗ್ ಬಣ್ಣ ಬೂದಿಗಂದು ಬಂದಿತ್ತು, ಅಂದರೆ ಗಾಳಿ-ಪೆಟ್ರೋಲ್ ಹದ ಸರಿ, ಅದನ್ನ ನೋಡಿ ಎಲ್ಲ ಸರಿ ಇದೆ ಅಂದುಕೊಂಡೆ. ಶಬ್ದ ಬೇರೆ, ಥ್ರಾಟಲ್ ತಿರುಗಿಸಿದರೆ ಸೀಟಿನ ಕೆಳಗಿನಿಂದ ಗೊರ್ ಅಂತ ಏರುತ್ತಿತ್ತು. ಗಾಡಿ ಎಳೀತಾ ಇದೆ ಅಂತ ನಂಬಿಸಿದ್ದು ಆ ಶಬ್ದವೇ. ಹುಲಿಕಲ್ ಘಾಟಿಯಲ್ಲಿ ಮೊದಲು ಎರಡನೇ ಗೇರಿಗೆ ಇಳಿಸುತ್ತಿದ್ದ ತಿರುವಿನಲ್ಲೇ ಈಗಲೂ ಇಳಿಸುತ್ತಿದ್ದೆ, ಅದನ್ನ ಗಮನಿಸಿರಲಿಲ್ಲ ಅಷ್ಟೆ.

ಮಳೆಗಾಲ ಮುಗಿದು ಮತ್ತೊಂದು ಬೇಸಿಗೆ ದಾಟುವಷ್ಟರಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ. ಆಯಿಲ್ ಇಳೀತಾ ಬಂತು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ತಗೊಂಡು ಹೋದೆ. ಅಲ್ಲಿನ ಮೆಕ್ಯಾನಿಕ್ ಕೋನ್ ಕಿತ್ತು ಕಾರ್ಬುರೇಟರ್ ಬಾಯೊಳಗೆ ಬೆರಳು ಹಾಕಿ ಒಂದು ಸುತ್ತು ಒರೆಸಿ ನನ್ನ ಮುಂದೆ ಹಿಡಿದರು. ಬೆರಳ ತುದಿಯಲ್ಲಿ ಕೆಂಪು ಕೆಸರು, ಎಣ್ಣೆ ಕಲಸಿದ ನಮ್ಮ ರಸ್ತೆಯ ಮಣ್ಣು. "ಇದು ವಾಲ್ವ್ ಉಜ್ಜೋ ಪೇಸ್ಟ್ ಇದ್ದಂಗೆ ಮಾರಾಯ, ಇದನ್ನ ಕುಡಿಸಿದ್ದೀಯ ಗಾಡಿಗೆ" ಅಂದರು. ಹೆಡ್ ಇಳಿಸಿದಾಗ ಬೋರಿನ ಗೋಡೆಯ ಮೇಲೆ ಉದ್ದುದ್ದ ಗೀರು, ಉಗುರಿಗೆ ಸಿಗುವಷ್ಟು. ಆ ಮಣ್ಣಿನಲ್ಲಿರುವ ಬೆಣಚಿನ ಕಣ ಕಬ್ಬಿಣದ ಬೋರಿಗಿಂತ ಗಟ್ಟಿ. ಪಿಸ್ಟನ್ನಿಗೂ ಗೋಡೆಗೂ ನಡುವಿನ ಎಣ್ಣೆ ಪದರದಲ್ಲಿ ಸಿಕ್ಕಿಕೊಂಡು ಎರಡನ್ನೂ ಕೆರೆದು ಹಾಕುತ್ತೆ. ಲೇತಿನಲ್ಲಿ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್, ರಿಂಗ್ ಹಾಕಿಸಿದ ಬಿಲ್ಲಿಗೆ ಅಂಥ ಕೋನ್ ಹತ್ತಾರು ಬರ್ತಿದ್ದವು.

ಹಾಗಾದರೆ ಸರಿಯಾದ ಸೈಜಿನದು ಹಾಕಿಸ್ತೀನಿ ಅಂತೀರೇನೋ. ಆಗಲೂ ಬೇಡ, ಯಾಕೆಂದರೆ ನಿಮ್ಮ ಗಾಡಿ ಎಳೆಯದೆ ಇರೋದಕ್ಕೂ ಏರ್‌ಬಾಕ್ಸಿಗೂ ಸಂಬಂಧವೇ ಇಲ್ಲ. ನಿಮ್ಮ 349 ಸಿಸಿ ಎಂಜಿನ್ನು 27 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡೋದು 4000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 4000 ಸುತ್ತು ತಿರುಗುವಾಗ. ಆ ವೇಗದಲ್ಲಿ ಪೂರ್ತಿ ಉಸಿರೆಳೆದರೂ ನಿಮಿಷಕ್ಕೆ ಸುಮಾರು 700 ಲೀಟರ್ ಗಾಳಿ, ಅಷ್ಟನ್ನ ಚೊಕ್ಕ ಇರುವ ಕಂಪನಿ ಫಿಲ್ಟರ್ ಆರಾಮಾಗಿ ಕೊಡುತ್ತೆ. ಆ ಡಬ್ಬಿ ಸುಮ್ಮನೆ ಇಟ್ಟಿದ್ದಲ್ಲ. ಅದರ ಗಾತ್ರ, ಅದರ ಮೂತಿಯ ಉದ್ದ ಎಲ್ಲ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸಿಗೋ ಹಾಗೆ ಲೆಕ್ಕ ಹಾಕಿ ಮಾಡಿದ್ದು. ಅದನ್ನ ಕಿತ್ತರೆ ಘಾಟಿಯಲ್ಲಿ ಬೇಕಾದ ಎಳೆತವೇ ಮೊದಲು ಹೋಗುತ್ತೆ. ಎತ್ತರಕ್ಕೆ ಗಾಳಿ ತೆಳುವಾಗುತ್ತೆ ನಿಜ, ಆದರೆ ಆಗುಂಬೆಯ ಎತ್ತರಕ್ಕೆ ಅದು ನೂರಕ್ಕೆ ಆರರ ಆಸುಪಾಸು ಮಾತ್ರ. ಅದನ್ನ ಯಾವ ಫಿಲ್ಟರೂ ತುಂಬಿಕೊಡಲ್ಲ.

ಇನ್ನು ಮಳೆ. ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಸುರಿಯುವ ಊರಿನ ದಾರಿಯಲ್ಲಿ ಹಿಂದಿನ ಚಕ್ರದ ಎರಚಲಿಗೆ ಬರಿ ಮೈಯಲ್ಲಿ ನಿಂತ ಕೋನ್ ನೆನೆದರೆ ಗಾಳಿಯ ದಾರಿಯೇ ಕಟ್ಟುತ್ತೆ.

ಘಾಟಿಗೆ ಏನು ಮಾಡಬೇಕು ಅಂದರೆ, ಮೊದಲು ಕ್ಲಚ್ ನೋಡಿಸಿ. ಮೂರನೇ ಗೇರಲ್ಲಿ ಥ್ರಾಟಲ್ ಪೂರ್ತಿ ಕೊಟ್ಟಾಗ ಎಂಜಿನ್ ಶಬ್ದ ಏರಿ ವೇಗ ಏರದೆ ಇದ್ದರೆ ಕ್ಲಚ್ ಪ್ಲೇಟ್ ಜಾರ್ತಿದೆ. ಕ್ಲಚ್ ಕೇಬಲ್ಲಿಗೆ ಸ್ವಲ್ಪವೂ ಸಡಿಲ ಬಿಡದೆ ಬಿಗಿದಿದ್ದರೂ ಹಾಗೇ ಆಗುತ್ತೆ. ಚೈನ್, ಟಯರಿನ ಗಾಳಿ, ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಆಮೇಲೆ ನಿಮ್ಮ ಓಡಿಸುವ ರೀತಿ. ಹೇರ್‌ಪಿನ್ನಿನಲ್ಲಿ ಮೂರನೇ ಗೇರಿನಲ್ಲೇ ದುಂ ದುಂ ಅನ್ನಿಸಿಕೊಂಡು ಹತ್ತಿಸಬೇಡಿ, ತಿರುವಿಗೆ ಮೊದಲೇ ಎರಡಕ್ಕೆ ಇಳಿಸಿ ಎಂಜಿನ್ನನ್ನ ತಿರುಗಲು ಬಿಡಿ. ಬುಲೆಟ್ ಅಂದರೆ ಕಡಿಮೆ ಆರ್‌ಪಿಎಂನಲ್ಲೇ ಓಡಿಸಬೇಕು ಅನ್ನೋ ಮಾತು ಇಬ್ಬರು ಕೂತ ಘಾಟಿಗೆ ಅನ್ವಯಿಸಲ್ಲ.

ಕಂಪನಿ ಪೇಪರ್ ಫಿಲ್ಟರನ್ನ ತೊಳೆಯೋಕೆ ಹೋಗಬೇಡಿ. ಕಂಪ್ರೆಸರ್ ಮೂತಿ ಹತ್ತಿರ ಹಿಡಿದು ಊದಿಸಿದರೂ ಕಾಗದ ಹರಿಯುತ್ತೆ. ಮಣ್ಣಿನ ರಸ್ತೆಯಲ್ಲಿ ಓಡಾಡುವವರು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಹೊಸದು ಹಾಕಿಸಬೇಕು. ಇಷ್ಟು ಹೇಳಿದರೂ ಏನಾದರೂ ಬದಲಾಯಿಸಲೇಬೇಕು ಅನ್ನಿಸಿದರೆ ಡಬ್ಬಿಯೊಳಗೇ ಕೂರುವ ಫಿಲ್ಟರ್ ಹಾಕಿ, ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಒಂದು ವಾರ ಧೂಳಲ್ಲಿ ಓಡಿಸಿ, ಫಿಲ್ಟರ್ ಬಿಚ್ಚಿ, ಥ್ರಾಟಲ್ ಕಡೆಗೆ ಹೋಗುವ ಕೊಳವೆಯ ಒಳಗನ್ನ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಒಂದು ಚೂರು ಕೆಂಪು ಬಂದರೂ ಅವತ್ತೇ ಹಳೆಯದನ್ನ ವಾಪಸ್ ಹಾಕಿ.

ಕ್ಲಚ್ ನೋಡಿಸಿದ ಮೇಲೆ ಏನಾಯ್ತು, ಇಲ್ಲೇ ಕೆಳಗೆ ಬರೆಯಿರಿ. ಆಗಲೂ ಎಳೆಯದಿದ್ದರೆ ಎಷ್ಟು ಕಿಲೋಮೀಟರ್ ಓಡಿದೆ, ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ತುದಿಗೆ ಬಿಡುವ ಸಣ್ಣ ಸಂದಿ) ಯಾವಾಗ ನೋಡಿಸಿದ್ದು ಅನ್ನೋದನ್ನೂ ಸೇರಿಸಿ.