ವಯಸ್ಸಾದವರ ಗಮನಶಕ್ತಿ ಅಭ್ಯಾಸದಿಂದ ಹೆಚ್ಚುತ್ತದಾ?

ಅಮ್ಮನಿಗೆ 70 ದಾಟಿದೆ, ಮಾತಿನ ನಡುವೆ ಗಮನ ತಪ್ಪುತ್ತದೆ, ಅಭ್ಯಾಸದಿಂದ ಸರಿಹೋಗುತ್ತದಾ ಎಂದು ಮಂಗಳೂರಿನಿಂದ ಕೇಳಿದ್ದೀರಿ. ಸುಧಾರಿಸುತ್ತದೆ. ಆದರೆ ಯಾವುದನ್ನು ಅಭ್ಯಾಸ ಮಾಡುತ್ತಾರೋ ಮುಖ್ಯವಾಗಿ ಅದರಲ್ಲೇ.

ವಯಸ್ಸಾದಂತೆ ಮೆದುಳಿನ ವೇಗ ಇಳಿಯುತ್ತದೆ. ಬೇಡದ ಸದ್ದು, ಬೇಡದ ನೋಟವನ್ನು ಬದಿಗೆ ಸರಿಸುವುದೂ ಕಷ್ಟವಾಗುತ್ತದೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಅಷ್ಟೊಂದು ಕೂಗಿನ ನಡುವೆ ತಮ್ಮ ಬಸ್ಸಿನ ನಂಬರ್ ಹಿಡಿಯಲು ಹಿರಿಯರು ಒದ್ದಾಡುವುದು ಇದಕ್ಕೇ. ಈ ಸೋಸುವ ಕೆಲಸವನ್ನೇ, ಕಷ್ಟವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಮಾಡಿಸಿದರೆ ಅದು ಚುರುಕಾಗುತ್ತದೆ. ಅಮೆರಿಕದಲ್ಲಿ 65 ವರ್ಷ ಮೇಲ್ಪಟ್ಟ 2,832 ಮಂದಿಯನ್ನು ಸೇರಿಸಿಕೊಂಡ ‘ಆ್ಯಕ್ಟಿವ್’ ಅಧ್ಯಯನದಲ್ಲಿ, ನೋಡಿದ್ದನ್ನು ಬೇಗ ಗುರುತಿಸುವ ತರಬೇತಿ ಪಡೆದವರಿಗೆ ಆ ಕೌಶಲದಲ್ಲಿ 10 ವರ್ಷದ ನಂತರವೂ ಲಾಭ ಉಳಿದಿತ್ತು. ನೆನಪಿನ ಶಕ್ತಿ ಮಾತ್ರ ಅದರಿಂದ ಹೆಚ್ಚಲಿಲ್ಲ.

ಹಾಗಾಗಿ ಸಲೀಸಾಗಿಬಿಟ್ಟ ಸುಡೊಕುವನ್ನೇ ಸುಮ್ನೆ ದಿನವೂ ತುಂಬಿದರೆ ಜಾಸ್ತಿ ಪ್ರಯೋಜನವಿಲ್ಲ. ಅಮ್ಮನಿಗೆ ತಾಳಮದ್ದಳೆ ಇಷ್ಟವಿದ್ದರೆ ಒಂದು ಪ್ರಸಂಗದ ವಾದ ಕೇಳಿಸಿ, ಯಾರು ಏನೆಂದರು ಅಂತ ಅವರಿಂದಲೇ ಹೇಳಿಸಿ. ಗಮನ ಹೆಚ್ಚಿಸುವ ಆಟಗಳ ಮೊಬೈಲ್ ಆ್ಯಪ್‌ಗಿಂತ ಇದನ್ನು ಅವರು ಖುಷಿಯಿಂದ ಮುಂದುವರಿಸುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದಿದ್ದರೂ ಗಮನ ಇಲ್ಲದಂತೆಯೇ ಕಾಣುತ್ತದೆ ಅಲ್ವಾ? ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ಮಾತ್ರ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ.