2147483647 ಅವಿಭಾಜ್ಯ ಅಂತ ಕೈಲೆಕ್ಕದಲ್ಲಿ ಹೇಗೆ ಕಂಡುಹಿಡಿದರು?

ಇದನ್ನು 1772ರಲ್ಲಿ ತೋರಿಸಿಕೊಟ್ಟವರು ಗಣಿತಜ್ಞ ಆಯ್ಲರ್. ಆಗ ಕಂಪ್ಯೂಟರ್ ಇರಲಿಲ್ಲ, ಅವರು ಸಾವಿರಾರು ಭಾಗಾಕಾರ ಮಾಡಿದರಾ ಅಂತ ಕೇಳಿದ್ದೀರಿ. ಅಷ್ಟು ಬೇಕಾಗಲಿಲ್ಲ. ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು.

ಈ ಸಂಖ್ಯೆ ಅಂದರೆ 2ರ 31ನೇ ಘಾತದಿಂದ 1 ಕಳೆದದ್ದು. ಅದರ ವರ್ಗಮೂಲ 46340ಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಅದನ್ನು ಒಡೆಯಲು ಬರುವುದಾದರೆ 46340ರ ಒಳಗೇ ಒಂದು ಅವಿಭಾಜ್ಯ ಭಾಜಕ ಸಿಗಲೇಬೇಕು. ಅಷ್ಟರೊಳಗೆ ನಾಲ್ಕೂವರೆ ಸಾವಿರಕ್ಕೂ ಜಾಸ್ತಿ ಅವಿಭಾಜ್ಯಗಳಿವೆ. ಒಂದೊಂದಾಗಿ ಭಾಗಿಸುತ್ತಾ ಕೂತರೆ ಕಷ್ಟ, ಅಲ್ವಾ?

ಈಗ ಅಸಲಿ ವಿಷಯ. 'ಪ' ಅನ್ನುವ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂತ ಇಟ್ಟುಕೊಳ್ಳಿ. 2, 4, 8, 16 ಅಂತ ಬರೆಯುತ್ತಾ ಹೋಗಿ, ಪ್ರತಿಯೊಂದನ್ನೂ 'ಪ'ದಿಂದ ಭಾಗಿಸಿ, ಶೇಷ ನೋಡಿ. 31ನೇ ಹೆಜ್ಜೆಯಲ್ಲಿ ಶೇಷ 1 ಬರುತ್ತದೆ. 31 ತಾನೇ ಅವಿಭಾಜ್ಯ, ಆದ್ದರಿಂದ ಅದಕ್ಕೂ ಮೊದಲು 1 ಬರಲು ದಾರಿಯಿಲ್ಲ. ಮುಂದೆ 62, 93 ಹೀಗೆ 31 ಹೆಜ್ಜೆಗೊಮ್ಮೆ ಮಾತ್ರ 1. ಆದರೆ ಗಣಿತಜ್ಞ ಫರ್ಮಾ ಅವರ 'ಚಿಕ್ಕ ಪ್ರಮೇಯ'ದ ಪ್ರಕಾರ 'ಪ ಕಳೆ 1'ನೇ ಹೆಜ್ಜೆಯಲ್ಲೂ ಶೇಷ 1 ಆಗಲೇಬೇಕು. ಅಂದರೆ 'ಪ ಕಳೆ 1' ಅನ್ನೋದು 31ರಿಂದ ಪೂರ್ತಿ ಭಾಗವಾಗಬೇಕು. ಪ ಬೆಸ ಸಂಖ್ಯೆ, ಅಂದರೆ 'ಪ ಕಳೆ 1' ಸಮ ಸಂಖ್ಯೆ, ಹಾಗಾಗಿ ಅದು 62ರಿಂದಲೂ ಭಾಗವಾಗಬೇಕು.

ನೋಡಿ, ಒಂದೂ ಭಾಗಾಕಾರ ಮಾಡದೆ ಹೆಚ್ಚಿನವೆಲ್ಲ ಹೊರಗೆ ಹೋದವು! 3, 5, 7 ಯಾವುದನ್ನೂ ಮುಟ್ಟಬೇಕಿಲ್ಲ.

ಇನ್ನೊಂದು ನಿಯಮವೂ ಇದೆ. ಪವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು. ಎರಡನ್ನೂ ಸೇರಿಸಿದರೆ, ಪವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63. 46340ರ ಒಳಗೆ ಇಂಥವು 372 ಸಿಗುತ್ತವೆ, 63 ಅನ್ನೇ ಬಿಟ್ಟು. ಅವುಗಳಲ್ಲಿ ಅವಿಭಾಜ್ಯವಾದವು ನೂರೂ ಇಲ್ಲ. ಮೊದಲನೆಯದು 311. ಭಾಗಿಸಿ ನೋಡಿ, ಶೇಷ 35. ಆಮೇಲೆ 1303, 1489... ಯಾವುದರಿಂದಲೂ ಪೂರ್ತಿ ಭಾಗವಾಗುವುದಿಲ್ಲ.

ಸೇಡಂ, ಆಳಂದ ಕಡೆಯಿಂದ ಬಸ್ಸಿಗೆ ಬರುವ ನಮ್ಮ ಮಕ್ಕಳಿಗೆ ತಲಾ ಎರಡು ಭಾಗಾಕಾರ ಹಂಚಿದರೆ ಸಾಕು, ಯೂರೋಪಿನ ದೊಡ್ಡ ಗಣಿತಜ್ಞ ಮಾಡಿದ ಕೆಲಸ ಕ್ಲಾಸಿನಲ್ಲೇ ಮುಗಿಯುತ್ತದೆ. ಆಯ್ಲರ್‌ಗೆ ಆಗ ಅರವತ್ತು ದಾಟಿತ್ತು, ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಇದನ್ನು ಹೇಳಿದಾಗ ಕ್ಲಾಸ್ ಸುಮ್ಮನಾಗುತ್ತದೆ.

ಒಂದು ಎಚ್ಚರಿಕೆ. ಘಾತ ಅವಿಭಾಜ್ಯ ಆಗಿದ್ದರೆ ಉತ್ತರವೂ ಅವಿಭಾಜ್ಯ ಅಂದುಕೊಳ್ಳಬೇಡಿ. 2ರ 11ನೇ ಘಾತದಿಂದ 1 ಕಳೆದರೆ 2047. ಅದು 23 ಗುಣಿಸು 89. ಎರಡೂ 22ರ ಮಗ್ಗಿಗೆ 1 ಕೂಡಿಸಿದರೆ ಬರುವ ಸಂಖ್ಯೆಗಳೇ.

ನೀವೇ ಮಾಡಿ ನೋಡಬೇಕು ಅನಿಸಿದರೆ 2ರ 29ನೇ ಘಾತ ತಗೊಳ್ಳಿ. 1 ಕಳೆದರೆ 536870911. ಇಲ್ಲಿ 58ರ ಮಗ್ಗಿಗೆ 1 ಕೂಡಿಸಿ: 59, 117, 175, 233. 59 ಎಂಟರ ನಿಯಮಕ್ಕೆ ಹೊಂದುವುದಿಲ್ಲ. 117, 175 ಅವಿಭಾಜ್ಯಗಳಲ್ಲ. ಉಳಿದದ್ದು 233. ಅದರಿಂದ ಭಾಗಿಸಿ: 2304167, ಶೇಷ ಸೊನ್ನೆ.