ಬಾಟಲಿ ಏಲ್: ಮುಂದಿನ ಚಿತ್ರ ಬಿಡಿ, ಹಿಂದಿನ ಸಣ್ಣಕ್ಷರ ಓದಿ

ಹೋದ ಸಂಚಿಕೇಲಿ ಇಂಗ್ಲೆಂಡಿನ ಪಬ್‌ಗಳ ಬಗ್ಗೆ ಬರ್ದಿದ್ದಕ್ಕೆ ಪತ್ರ ಚೆನ್ನಾಗೇ ಬಂದಿವೆ, ಆದ್ರೆ ಮುಕ್ಕಾಲು ಜನ ಕೇಳಿರೋದು ಪಬ್ ಬಗ್ಗೆ ಅಲ್ಲ, ಸೂಪರ್‌ಮಾರ್ಕೆಟ್‌ನಲ್ಲಿ ಸಿಗೋ ಬಾಟಲಿ ಏಲ್ (ಬಿಯರ್‌ನಲ್ಲೇ ಒಂದು ಬಗೆ) ಬಗ್ಗೆ. ನ್ಯಾಯಾನೇ ಬಿಡಿ, ಆ ಚಳೀಲಿ ಮಳೇಲಿ ಮನೆ ಬಿಟ್ಟು ಯಾರು ಹೋಗ್ತಾರೆ. ಹಾಗಾಗಿ ಈ ಸಲ ಪೂರ್ತಿ ಬಾಟಲಿ. ಕುಡಿಯೋ ವಯಸ್ಸು ಆಗಿಲ್ದೋರು ದಯವಿಟ್ಟು ಪುಟ ತಿರುಗಿಸಿ.

ಪ್ರಶ್ನೆ: ಸಾರ್, ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದಿದೀನಿ. ಊರಲ್ಲಿ ಇದ್ದಾಗ ಕಿಂಗ್‌ಫಿಷರ್ ಬಿಟ್ರೆ ಬೇರೆ ಗೊತ್ತಿರ್ಲಿಲ್ಲ. ಇಲ್ಲಿ ಅಂಗಡೀಲಿ ಒಂದು ಗೋಡೆ ಪೂರ್ತಿ ಏಲ್ ಬಾಟಲಿ ಜೋಡಿಸಿಟ್ಟಿದಾರೆ, ಒಂದರ ಮೇಲೆ ದೆವ್ವ, ಇನ್ನೊಂದರ ಮೇಲೆ ಕೋಳಿ. ಎಲ್ಲಿಂದ ಶುರು ಮಾಡ್ಲಿ? (ರೀಡಿಂಗ್)

ಉತ್ತರ: ದೆವ್ವ ಕೋಳಿ ಎರಡನ್ನೂ ಮರ್ತುಬಿಡಿ ತಮ್ಮಾ, ಅದು ಮಾರ್ಕೆಟಿಂಗ್‌ನೋರ ಕೆಲಸ. ಮೊದ್ಲು ಒಂದು ವಿಷಯ ತಿಳ್ಕೊಳಿ, ನೀವು ಊರಲ್ಲಿ ಕುಡೀತಿದ್ದಿದ್ದು ಲಾಗರ್ ಅನ್ನೋ ಬಗೆ ಬಿಯರ್, ಅದರ ಯೀಸ್ಟ್ ತಂಪಲ್ಲಿ, ಅಂದ್ರೆ ಸುಮಾರು 7ರಿಂದ 13 ಡಿಗ್ರೀಲಿ ನಿಧಾನಕ್ಕೆ ಕೆಲಸ ಮಾಡುತ್ತೆ, ಆಮೇಲೆ ವಾರಗಟ್ಟಲೆ ಚಳೀಲೇ ಇಟ್ಟು ಹದ ಮಾಡ್ತಾರೆ, ಅದಕ್ಕೇ ರುಚಿ ನೀಟಾಗಿ, ಸ್ವಲ್ಪ ಸಪ್ಪೆಯಾಗೂ ಇರುತ್ತೆ. ಏಲ್ ಯೀಸ್ಟ್ ಬೇರೆ ಜಾತಿ, ಬ್ರೆಡ್ ಉಬ್ಬಿಸೋ ಯೀಸ್ಟ್ ಕುಲದ್ದೇ, 15ರಿಂದ 24 ಡಿಗ್ರಿ ಬೆಚ್ಚಗೆ ಇದ್ದಾಗ ಬೇಗ ಹುದುಗುತ್ತೆ, ಹುದುಗ್ತಾ ಹುದುಗ್ತಾ ಹಣ್ಣಿನ ವಾಸನೆ ಮಸಾಲೆ ವಾಸನೆ ಎಲ್ಲ ಹುಟ್ಟಿಸುತ್ತೆ. ಬೆಂಗಳೂರಿನ ಬ್ರೂಪಬ್‌ನಲ್ಲಿ ಬಾಳೆಹಣ್ಣಿನ ವಾಸನೆ ಬರೋ ಮಬ್ಬು ಮಬ್ಬು ಹೆಫೆವೈಜನ್, ಅಂದ್ರೆ ಜರ್ಮನ್ ಗೋಧಿ ಬಿಯರ್ ಕುಡ್ದಿದ್ರೆ ನೀವು ಆಗ್ಲೇ ಏಲ್ ಕುಡ್ದಿದೀರಿ, ಗೊತ್ತಿರ್ಲಿಲ್ಲ ಅಷ್ಟೇ. ಆ ಬಾಳೆಹಣ್ಣು ಯಾರೂ ಹಾಕಿದ್ದಲ್ಲ, ಯೀಸ್ಟೇ ಮಾಡಿದ್ದು.

ಶುರು ಮಾಡೋಕೆ ಗೋಲ್ಡನ್ ಏಲ್ ತಗೊಳಿ. ಬಣ್ಣ ಲಾಗರ್ ತರಾನೇ, ಆದ್ರೆ ಬಾಯಿಗೆ ಏನೋ ಸಿಗುತ್ತೆ. ಸಾಲ್ಸ್‌ಬರಿ ಹತ್ರದ ಹಾಪ್ ಬ್ಯಾಕ್‌ನೋರ ಸಮ್ಮರ್ ಲೈಟ್ನಿಂಗ್ ಸಿಕ್ರೆ ಅದೇ ಸರಿ, 5 ಪರ್ಸೆಂಟ್ ಆಲ್ಕೋಹಾಲ್. ಅದು ಹಿಡಿಸಿದ ಮೇಲೆ ಬಿಟರ್‌ಗೆ ಬನ್ನಿ, ಯಾರ್ಕ್‌ಷೈರ್‌ನ ಕೀತ್‌ಲಿಯಲ್ಲಿ ಮಾಡೋ ಟಿಮೊತಿ ಟೇಲರ್ ಲ್ಯಾಂಡ್‌ಲಾರ್ಡ್, ಇಲ್ಲಾ ಲಂಡನ್ನಿನ ಚಿಸಿಕ್‌ನ ಫುಲ್ಲರ್ಸ್ ಲಂಡನ್ ಪ್ರೈಡ್. ಬಿಟರ್ ಅಂತ ಹೆಸ್ರು ನೋಡಿ ಹಾಗಲಕಾಯಿ ಅನ್ಕೋಬೇಡಿ, ಮಾಲ್ಟಿನ, ಅಂದ್ರೆ ಮೊಳಕೆ ಬರಿಸಿ ಹುರಿದ ಬಾರ್ಲಿಯ ಬಿಸ್ಕತ್ ರುಚಿ, ಕೊನೇಲಿ ಒಂಚೂರು ಕಹಿ, ಅಷ್ಟೇ. ಆಮೇಲೆ ಕಪ್ಪು ಕಡೆಗೆ ಹೋಗೋದಾದ್ರೆ ಮ್ಯಾಶಮ್ ಊರಿನ ಥೀಕ್‌ಸ್ಟನ್ ಓಲ್ಡ್ ಪೆಕ್ಯುಲಿಯರ್, 5.6 ಪರ್ಸೆಂಟ್, ಬೆಲ್ಲದ ಪಾಕದ ಹತ್ರ ಹತ್ರ ಹೋಗುತ್ತೆ. ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್, ಕೊನೆಗಿರ್ಲಿ. ಎಲ್ರೂ ಮೊದ್ಲು ಅದನ್ನೇ ತಗೊಂಡು, ಕಹಿಗೆ ಮುಖ ಕಿವುಚ್ಕೊಂಡು, ಏಲ್ ನಮಗಾಗಲ್ಲ ಅಂತ ತೀರ್ಮಾನ ಮಾಡ್ಬಿಡ್ತಾರೆ.

ಬಾಟಲಿ ಕೈಗೆ ತಗೊಂಡ ಮೇಲೆ ತಿರುಗಿಸಿ. ಹಿಂದೆ ತಾರೀಖು ನೋಡಿ, ಬಿಟರ್ ಆಗ್ಲಿ ಐಪಿಎ ಆಗ್ಲಿ ಫ್ರೆಶ್ ಇದ್ದಷ್ಟೂ ಒಳ್ಳೇದು, ಯಾಕಂದ್ರೆ ಕಹಿಗೂ ಘಮಕ್ಕೂ ಅಂತ ಹಾಕೋ ಹಾಪ್ಸ್ ಅನ್ನೋ ಬಳ್ಳಿ ಹೂವಿನ ಘಮ ಮೊದ್ಲು ಹೋಗೋದು, ಆಮೇಲೆ ಉಳಿಯೋದು ಒದ್ದೆ ರಟ್ಟಿನ ರುಚಿ. ತಾರೀಖು ಹತ್ರ ಬಂದಿರೋದನ್ನ ಆಫರ್‌ನಲ್ಲಿ ಹಾಕಿರ್ತಾರೆ, ಅಗ್ಗ ಅಂತ ನಾಲ್ಕು ಹೊತ್ಕೊಂಡು ಬರ್ಬೇಡಿ.

ಪ್ರಶ್ನೆ: ಬಾಟಲಿ ತಳದಲ್ಲಿ ಮಡ್ಡಿ ಇತ್ತು. ಕೆಟ್ಟಿದೆ ಅಂತ ಸಿಂಕಿಗೆ ಸುರಿದೆ. ನನ್ನ ಇಂಗ್ಲಿಷ್ ಫ್ರೆಂಡ್ ನೋಡಿ ಅಳೋದೊಂದು ಬಾಕಿ. ಯಾಕೆ? (ಲೀಡ್ಸ್)

ಉತ್ತರ: ನಾನಿದ್ದಿದ್ರೂ ಅಳ್ತಿದ್ದೆ. ಅದು ಮಡ್ಡಿ ಅಲ್ಲ ಸಾರ್, ಜೀವಂತ ಯೀಸ್ಟು. ಲೇಬಲ್ ಹಿಂದೆ ಬಾಟಲ್ ಕಂಡಿಷನ್ಡ್ ಅಂತ ಸಣ್ಣಕ್ಷರದಲ್ಲಿ ಬರ್ದಿರುತ್ತೆ, ಇಡೀ ಗೋಡೇಲಿ ನಾನು ಮೊದ್ಲು ಹುಡುಕೋದು ಅದನ್ನೇ. ಮಾಮೂಲಿ ಬಾಟಲಿಗೆ ಏಲನ್ನ ಸೋಸಿ, ಸಾಮಾನ್ಯವಾಗಿ ಬಿಸಿ ಮಾಡಿ ಕ್ರಿಮಿ ಎಲ್ಲ ಸಾಯಿಸಿ, ಮೇಲಿಂದ ಗ್ಯಾಸ್ ತುಂಬಿ ಮುಚ್ತಾರೆ. ಇದ್ರಲ್ಲಿ ಹಾಗಲ್ಲ, ಸ್ವಲ್ಪ ಯೀಸ್ಟು ಸ್ವಲ್ಪ ಸಕ್ಕರೆ ಅಂಶ ಒಳಗೇ ಉಳಿಸಿ ಮುಚ್ಚಳ ಹಾಕ್ತಾರೆ, ಯೀಸ್ಟು ಬಾಟಲಿ ಒಳಗೆ ಕೂತು ಆ ಸಕ್ಕರೆ ತಿಂದು ತಾನೇ ಗ್ಯಾಸ್ ಮಾಡುತ್ತೆ, ಒಳಗಿರೋ ಆಕ್ಸಿಜನ್ನನ್ನೂ ಹೀರ್ಕೊಳುತ್ತೆ, ಅದರಿಂದ ಏಲ್ ಹಳಸೋದೂ ನಿಧಾನ. ಗುಳ್ಳೆ ಸಣ್ಣ ಸಣ್ಣದು, ನಾಲಿಗೆಗೆ ಚುಚ್ಚಲ್ಲ. 1971ರಲ್ಲಿ ಶುರುವಾದ ಕ್ಯಾಮ್ರಾ ಅನ್ನೋ ಬ್ರಿಟನ್ನಿನ ಕುಡಿಯೋರ ಸಂಘ ಇದೆ, ಕಾರ್ಖಾನೆ ಗ್ಯಾಸಿನ ಬಿಯರ್ ವಿರುದ್ಧ ನಿಂತ ಸಂಘ, ಅವ್ರು ಇಂಥ ಬಾಟಲಿಗಳಿಗೆ ‘ರಿಯಲ್ ಏಲ್’ ಅಂತ ಮುದ್ರೇನೂ ಕೊಡ್ತಾರೆ. ಸುಲಭಕ್ಕೆ ಸಿಗೋದು ಬೇಕು ಅಂದ್ರೆ ಕಾರ್ನ್‌ವಾಲ್‌ನ ಸೇಂಟ್ ಆಸ್ಟಲ್‌ನೋರ ಪ್ರಾಪರ್ ಜಾಬ್, 5.5 ಪರ್ಸೆಂಟ್ ಐಪಿಎ.

ಕುಡಿಯೋ ವಿಧಾನ ಇದೆ ಇದಕ್ಕೆ. ತಂದ ತಕ್ಷಣ ನೆಟ್ಟಗೆ ನಿಲ್ಲಿಸಿ, ಮಲಗಿಸ್ಬೇಡಿ, ಒಂದು ದಿನ ಎರಡು ದಿನ ಹಾಗೇ ಬಿಟ್ರೆ ಯೀಸ್ಟು ತಳಕ್ಕೆ ಕೂರುತ್ತೆ. ಗ್ಲಾಸ್ ಓರೆ ಹಿಡ್ದು ಒಂದೇ ಧಾರೇಲಿ ನಿಧಾನಕ್ಕೆ ಸುರೀರಿ, ನಡುವೆ ನಿಲ್ಸಿ ಬಾಟಲಿ ನೆಟ್ಟಗೆ ಮಾಡಿದ್ರೆ ತಳದ್ದೆಲ್ಲ ಕದಡುತ್ತೆ, ಹಾಗಾಗಿ ಇಡೀ ಬಾಟಲಿ ಹಿಡಿಸೋ ಗ್ಲಾಸ್ ಇರ್ಲಿ. ಕೊನೇ ಒಂದು ಬೆರಳಿನಷ್ಟು ಬಾಟಲೀಲೇ ಬಿಡಿ. ಅದನ್ನ ಕುಡಿದ್ರೆ ಏನೂ ಆಗಲ್ಲ, ಬಿ ವಿಟಮಿನ್ ಅದು, ಆದ್ರೆ ಜಾಸ್ತಿ ಹೋದ್ರೆ ಮಾರನೇ ದಿನ ಹೊಟ್ಟೆ ಗುಡುಗುತ್ತೆ. ಜರ್ಮನ್ ಗೋಧಿ ಬಿಯರ್ ಮಾತ್ರ ಉಲ್ಟಾ, ಅಲ್ಲಿ ಬೇಕು ಅಂತಾನೇ ಕೊನೇದನ್ನ ಕಲಸಿ ಗ್ಲಾಸಿಗೆ ಹಾಕ್ತಾರೆ.

ಪ್ರಶ್ನೆ: ಕಿಟಕಿ ಮೇಲೆ ಸಾಲಾಗಿ ಇಟ್ಟಿದ್ದೆ, ನೋಡೋಕೂ ಚಂದ. ಓಪನ್ ಮಾಡಿದ್ರೆ ಸುಟ್ಟ ರಬ್ಬರ್ ತರ ನಾತ. ಬಾಟಲಿ ಬಿಳೀ ಗಾಜು. (ಬ್ರೈಟನ್)

ಉತ್ತರ: ಬಿಸಿಲಿಂದ ಆಗಿದ್ದು. ಹಾಪ್ಸ್‌ನಲ್ಲಿ ಕಹಿ ಕೊಡೋ ಅಂಶ ಇರುತ್ತಲ್ಲ, ಅದಕ್ಕೆ ಬೆಳಕು ತಾಗಿದ್ರೆ ಒಡೆದು ಗಂಧಕದ ಅಂಶದ ಜೊತೆ ಸೇರ್ಕೊಂಡು ಅಮೆರಿಕದ ಸ್ಕಂಕ್ ಅನ್ನೋ ಪ್ರಾಣಿ ಬಿಡೋ ನಾತಕ್ಕೆ ತೀರಾ ಹತ್ರದ ವಸ್ತು ಆಗುತ್ತೆ, ನೇರ ಬಿಸಿಲಲ್ಲಿ ಕೆಲವೇ ನಿಮಿಷ ಸಾಕು. ಕಂದು ಗಾಜು ಬಹುಪಾಲು ತಡೆಯುತ್ತೆ, ಹಸಿರು ಅಷ್ಟಕ್ಕಷ್ಟೇ, ಬಿಳೀದು ತಡೆಯೋದೇ ಇಲ್ಲ ಅನ್ನಬೋದು. ಅಂಗಡೀಲಿ ಬಿಳೀ ಬಾಟಲಿ ತಗೊಳೋದಾದ್ರೆ ಸಾಲಿನ ಹಿಂದೆ ಕೈ ಹಾಕಿ ಕತ್ತಲಲ್ಲಿರೋದನ್ನ ಎಳ್ಕೊಳಿ, ಅಂಗಡಿಯೋನು ನೋಡಿದ್ರೆ ನೋಡ್ಲಿ. ಮನೇಲಿ ಬೀರು ಒಳಗೋ ಮೆಟ್ಟಿಲ ಕೆಳಗೋ ಇಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿ. ಏಲ್‌ನಲ್ಲಿ ಮೀನು ಹಾಕ್ತಾರೆ ಅಂತ ಆಫೀಸಲ್ಲಿ ಒಬ್ರು ಹೇಳಿದ್ರು, ತಮಾಷೆ ಮಾಡ್ತಿದಾರಾ? (ಲೆಸ್ಟರ್)

ಉತ್ತರ: ತಮಾಷೆ ಅಲ್ಲ ಸ್ವಾಮಿ, ಅರ್ಧ ನಿಜ. ಮೀನಿನ ಹೊಟ್ಟೇಲಿ ಗಾಳಿ ಚೀಲ ಇರುತ್ತೆ, ಅದನ್ನ ಒಣಗಿಸಿ ಕರಗಿಸಿ ಮಾಡೋ ಐಸಿಂಗ್ಲಾಸ್ ಅನ್ನೋ ಅಂಟಿದೆ. ಅದನ್ನ ಪೀಪಾಯಿಗೆ ಹಾಕಿದ್ರೆ ತೇಲಾಡ್ತಿರೋ ಯೀಸ್ಟನ್ನೆಲ್ಲ ಹಿಡ್ಕೊಂಡು ತಳಕ್ಕೆ ಕೂರುತ್ತೆ, ಮೇಲಿನ ಏಲ್ ತಿಳಿಯಾಗುತ್ತೆ. ಪಬ್‌ನಲ್ಲಿ ಪೀಪಾಯಿಂದ ಪಂಪ್ ಹೊಡ್ದು ಕೊಡೋ ಏಲ್‌ಗೆ ಇದು ಹಳೇ ಪದ್ಧತಿ. ಗ್ಲಾಸಲ್ಲಿ ಉಳಿಯೋದು ಇಲ್ಲ ಅನ್ನೋಷ್ಟು ಕಡಿಮೆ, ಆದ್ರೆ ನಿಮ್ಮ ಪ್ರಶ್ನೆ ಎಷ್ಟು ಅನ್ನೋದಲ್ಲ, ಇದ್ಯಾ ಇಲ್ವಾ ಅನ್ನೋದು, ಅದು ನಂಗೆ ಅರ್ಥ ಆಗುತ್ತೆ.

ಬಾಟಲಿ ವಿಷಯದಲ್ಲಿ ನಿಮ್ಮ ಪಾಡು ಪಬ್‌ನೋರಿಗಿಂತ ವಾಸಿ. ತುಂಬಾ ಬಾಟಲಿ ಏಲ್ ಮಿಷಿನ್ನಲ್ಲೇ ಸೋಸ್ತಾರೆ, ಮೀನಿನ ಅಂಟು ಬೇಕಾಗಲ್ಲ, ಆದ್ರೂ ಕೆಲವ್ರು ಹಾಕ್ತಾರೆ, ಹಾಕಿದ್ರೂ ಬ್ರಿಟನ್ನಿನ ಕಾನೂನಲ್ಲಿ ಲೇಬಲ್ ಮೇಲೆ ಹೇಳಲೇಬೇಕು ಅಂತಿಲ್ಲ, ಅದೇ ತಲೆನೋವು. ಹಾಗಾಗಿ ಪದಾರ್ಥಗಳ ಪಟ್ಟಿ ಓದಿ ಸುಮ್ನಾಗ್ಬೇಡಿ, ವೀಗನ್, ಅಂದ್ರೆ ಪ್ರಾಣಿಯಿಂದ ಬಂದಿದ್ದು ಏನೂ ಇಲ್ಲ ಅನ್ನೋ ಗುರುತು ಹುಡುಕಿ. ಟ್ಯಾಡ್‌ಕ್ಯಾಸ್ಟರ್‌ನ ಸ್ಯಾಮ್ಯುಯೆಲ್ ಸ್ಮಿತ್‌ನೋರ ಬಾಟಲಿಗಳು ಬಹುತೇಕ ವೀಗನ್, ಅವರ ನಟ್ ಬ್ರೌನ್ ಏಲ್ ನಿಮ್ಮ ಕೋಡುಬಳೆ ಜೊತೆಗೆ ಹೇಳಿ ಮಾಡ್ಸಿದ್ದು. ನಟ್ ಅಂತಿದ್ರೂ ಅದ್ರಲ್ಲಿ ಬೀಜ ಗೀಜ ಏನಿಲ್ಲ, ಬಣ್ಣ ರುಚಿಗೆ ಇಟ್ಟ ಹೆಸ್ರು. ಗಿನ್ನೆಸ್ ಅನ್ನೋ ಕಪ್ಪು ಬಿಯರ್ ಕೂಡ 2018ರ ಹೊತ್ತಿಗೆ ಮೀನಿನ ಅಂಟು ಪೂರ್ತಿ ಬಿಟ್ಟಿದೆ. ಸ್ಟೌಟ್ ಅಂದ್ರೆ ಕಪ್ಪು ಏಲ್, ಮಿಲ್ಕ್ ಸ್ಟೌಟ್ ಅಂತಿದ್ರೆ ಹಾಲಿನ ಸಕ್ಕರೆ ಹಾಕಿರ್ತಾರೆ, ನಿಮಗೆ ಅಡ್ಡಿಯಿಲ್ಲ.

ಪ್ರಶ್ನೆ: ಕಿಕ್ ಇರೋ ಏಲ್ ಯಾವ್ದು ಗುರುವೇ? (ಹೆಸರು ಊರು ಎರಡೂ ಬರೆದಿಲ್ಲ)

ಉತ್ತರ: ಬರೀದಿದ್ದಿದ್ದೇ ಒಳ್ಳೇದಾಯ್ತು. ಕಿಕ್ ಬೇಕಾದ್ರೆ ಏಲ್‌ಗೆ ದುಡ್ಡು ಯಾಕೆ ಸುರೀತೀರ? 4 ಪರ್ಸೆಂಟ್‌ನಲ್ಲಿ ಅಷ್ಟು ರುಚಿ ತರೋದೇ ಇಂಗ್ಲಿಷ್ ಬ್ರೂವರ್‌ನ ಕೈಚಳಕ. ಲೆಕ್ಕ ಬೇಕಾ, 500 ಎಂಎಲ್ ಬಾಟಲಿ 4.5 ಪರ್ಸೆಂಟ್ ಇದ್ರೆ 2.25 ಯೂನಿಟ್ (ಒಂದು ಯೂನಿಟ್ ಅಂದ್ರೆ 10 ಎಂಎಲ್ ಶುದ್ಧ ಆಲ್ಕೋಹಾಲ್), ಬ್ರಿಟನ್ನಿನ ಡಾಕ್ಟರ್‌ಗಳು ಹೇಳೋ ಮಿತಿ ವಾರಕ್ಕೆ 14. ಊರಿನ 650 ಎಂಎಲ್ ಸ್ಟ್ರಾಂಗ್ ಬಾಟಲಿ 8 ಪರ್ಸೆಂಟ್ ಇದ್ರೆ ಅದೊಂದ್ರಲ್ಲೇ 5.2 ಆಯ್ತು. ಕಾರಿದ್ರೆ ಒಂದೂ ಬೇಡ. ಗಾಡಿ ಓಡಿಸೋರಿಗೆ ಆಲ್ಕೋಹಾಲ್ ಮಿತಿ ಇಂಗ್ಲೆಂಡಲ್ಲಿ 100 ಎಂಎಲ್ ರಕ್ತಕ್ಕೆ 80 ಮಿಲಿಗ್ರಾಂ, ಸ್ಕಾಟ್ಲೆಂಡಲ್ಲಿ 50, ನಮ್ಮಲ್ಲಿ 30, ಗಡಿ ದಾಟಿದ್ರೆ ಲೆಕ್ಕ ಬದಲಾಗುತ್ತೆ.

ಪ್ರಶ್ನೆ: ಮಾರಾಯ್ರೆ, ಭಾನುವಾರ ಕೋರಿ ರೊಟ್ಟಿ ಮಾಡಿ ಐಪಿಎ ಓಪನ್ ಮಾಡಿದೆ, ಬಾಯಿ ಉರಿದು ಹೋಯ್ತು. ಅಂಗಡಿಯವ ಖಾರಕ್ಕೆ ಐಪಿಎ ಬೆಸ್ಟ್ ಅಂದಿದ್ದ. ಇಂಡಿಯಾ ಅಂತ ಹೆಸ್ರಲ್ಲೇ ಉಂಟಲ್ಲ? (ಕ್ರಾಯ್ಡನ್)

ಉತ್ತರ: ಹೆಸ್ರಲ್ಲಿರೋ ಇಂಡಿಯಾಗೂ ನಿಮ್ಮ ಕೋರಿ ಗಸಿಗೂ ಸಂಬಂಧ ಇಲ್ಲ. ಅದು ಇಂಡಿಯಾದಲ್ಲಿದ್ದ ಬ್ರಿಟಿಷರಿಗೆ ಹಡಗಲ್ಲಿ ಹೋಗ್ತಿದ್ದ ಏಲ್. ಪೂರ್ವ ಲಂಡನ್ನಿನ ಬೋ ಅನ್ನೋ ಕಡೆ ಹಾಡ್ಜ್‌ಸನ್ ಬ್ರೂವರಿ ಇತ್ತು, ಈಸ್ಟ್ ಇಂಡಿಯಾ ಕಂಪನಿ ಹಡಗುಗಳು ನಿಲ್ಲೋ ಜಾಗಕ್ಕೆ ಹತ್ರ, ಕ್ಯಾಪ್ಟನ್‌ಗಳಿಗೆ ಧಾರಾಳ ಸಾಲಾನೂ ಕೊಡ್ತಿದ್ರು, ವ್ಯಾಪಾರ ಹಾಗೆ ಕುದುರ್ತು. ಆಮೇಲೆ 1820ರ ದಶಕದಲ್ಲಿ ಬರ್ಟನ್ ಊರಿನೋರು ನುಗ್ಗಿದ್ರು, ಅಲ್ಲಿನ ಬಾವಿ ನೀರಲ್ಲಿ ಜಿಪ್ಸಮ್ ಜಾಸ್ತಿ, ಹಾಪ್ಸ್ ಕಹಿ ಅದ್ರಲ್ಲಿ ಚೂಪಾಗಿ ಎದ್ದು ಕಾಣುತ್ತೆ. ಬೇರೆ ಬಿಯರ್ ಎಲ್ಲ ದಾರೀಲಿ ಕೆಡ್ತಿತ್ತು, ಅದಕ್ಕೇ ಐಪಿಎ ಕಂಡುಹಿಡಿದ್ರು ಅಂತ ಲೇಬಲ್ ಮೇಲೆ ಕತೆ ಬರೀತಾರಲ್ಲ, ನಂಬ್ಬೇಡಿ, ಅದೇ ಹಡಗುಗಳಲ್ಲಿ ಪೋರ್ಟರ್ ಅನ್ನೋ ಕಪ್ಪು ಬಿಯರೂ ಸಿಪಾಯಿಗಳಿಗೆ ಅಂತ ಧಂಡಿಯಾಗಿ ಬಂದು ಚೆನ್ನಾಗೇ ಇಳೀತಿತ್ತು.

ಖಾರದ ವಿಷಯ ಅಂದ್ರೆ, ಮೆಣಸಿನ ಉರಿ ಮೇಲೆ ಹಾಪ್ಸ್ ಕಹಿ, ಆಲ್ಕೋಹಾಲ್, ಗ್ಯಾಸ್ ಮೂರೂ ಬಿದ್ರೆ ಉರಿ ಏರುತ್ತೆ ಹೊರತು ಇಳಿಯಲ್ಲ. ಕೆಲವ್ರಿಗೆ ಅದೇ ಖುಷಿ, ನಿಮಗಲ್ಲ ಅಂತ ಗೊತ್ತಾಯ್ತು. ತೆಂಗಿನ ಹಾಲಿನ ಗಸಿಗೆ ಗೋಧಿ ಬಿಯರ್ ಇಟ್ಕೊಳಿ, ಬಾಳೆಹಣ್ಣು ಲವಂಗದ ವಾಸನೆ ತೆಂಗಿನ ಜೊತೆ ಚೆನ್ನಾಗಿ ಕೂರುತ್ತೆ. ಕುಂದಾಪುರದ ಘೀ ರೋಸ್ಟ್‌ಗೆ ಮಾಲ್ಟ್ ಸಿಹಿ ಇರೋ ಕೆಂಪು ಏಲ್, ಹಾಬ್‌ಗಾಬ್ಲಿನ್ ತರದ್ದು. ಮೈಸೂರು ಪಾಕ್ ಜೊತೆ ಸ್ಟೌಟ್ ಒಂದ್ಸಲ ಟ್ರೈ ಮಾಡಿ, ಮನೇಲಿ ಬೈದ್ರೆ ನನ್ನ ಹೆಸರು ಹೇಳ್ಬೇಡಿ. ಐಪಿಎನ ಕಾಂಗ್ರೆಸ್ ಕಡ್ಲೆಕಾಯಿಗೆ ಎತ್ತಿಡಿ, ಎಣ್ಣೆ ಉಪ್ಪು ಇರೋದಕ್ಕೆ ಆ ಕಹಿ ಸರಿಹೋಗುತ್ತೆ.

ಪ್ರಶ್ನೆ: ಬಿಯರ್ ಅಂದ್ರೆ ಚಿಲ್ಡ್ ಇರ್ಬೇಕು ಅಲ್ವಾ, ಫ್ರೀಜರಲ್ಲಿ ಇಟ್ರೆ? ಮತ್ತೆ ಸ್ಟೀಲ್ ಲೋಟದಲ್ಲಿ ಕುಡೀಬೋದಾ? (ಸ್ಲೌ)

ಉತ್ತರ: ಫ್ರೀಜರ್ ಬೇಡ, ಒಡೆಯುತ್ತೆ. ಫ್ರಿಜ್ಜಿಂದ ತೆಗೆದು ಅರ್ಧ ಗಂಟೆ ಹೊರಗಿಡಿ, 10ರಿಂದ 13 ಡಿಗ್ರಿ ಸಾಕು, ಮಂಜಿನ ಹಾಗಿದ್ರೆ ನಾಲಿಗೆ ಮರಗಟ್ಟಿ ನೀವು ದುಡ್ಡು ಕೊಟ್ಟಿರೋ ರುಚಿ ಏನೂ ಗೊತ್ತಾಗಲ್ಲ. ಸ್ಟೀಲ್ ಲೋಟದಲ್ಲಿ ಕುಡೀಬೋದು, ಬಣ್ಣ ಕಾಣಲ್ಲ, ಯೀಸ್ಟ್ ಬಂತಾ ಅಂತ ಗೊತ್ತಾಗಲ್ಲ ಅಷ್ಟೇ. ಲೋಟ ಯಾವ್ದಾದ್ರೂ ಜಿಡ್ಡಿರ್ಬಾರ್ದು, ಬೋಂಡ ತಿಂದ ತುಟಿ ತಾಗಿದ್ರೂ ನೊರೆ ಸತ್ತುಹೋಗುತ್ತೆ.

ಪ್ರಶ್ನೆ: ಮಗ ಲಂಡನ್ನಿಂದ ರಜೆಗೆ ಬರ್ತಿದಾನೆ. ಏನು ತರ್ಲಿ ಅಪ್ಪ ಅಂತ ಕೇಳಿದ. ಇಟ್ಟು ಆಮೇಲೆ ಕುಡಿಯೋ ಅಂಥ ಏಲ್ ಇದ್ಯಾ? (ಜಯನಗರ, ಬೆಂಗಳೂರು)

ಉತ್ತರ: ಪುಣ್ಯವಂತರು ಸಾರ್ ನೀವು. ಮಾಮೂಲಿ ಬಿಟರ್ ತರ್ಸಬೇಡಿ, ಪ್ರಯಾಣ ಬಿಸಿಲು ಅಂತ ಅದು ಸೊರಗುತ್ತೆ. ಫುಲ್ಲರ್ಸ್ ವಿಂಟೇಜ್ ಏಲ್ ಅಂತ 1997ರಿಂದ ವರ್ಷಕ್ಕೊಂದು ಸಲ ಮಾಡ್ತಾ ಬಂದಿದಾರೆ, 8.5 ಪರ್ಸೆಂಟ್, ಬಾಟಲ್ ಕಂಡಿಷನ್ಡ್, ಬಾಟಲಿ ಮೇಲೆ ವರ್ಷ ಇರುತ್ತೆ. ಹೊಸದರಲ್ಲಿ ಕಿತ್ತಳೆ ಮಾರ್ಮಲೇಡ್ ತರ, ನಾಲ್ಕೈದು ವರ್ಷ ಇಟ್ರೆ ಖರ್ಜೂರ ಒಣದ್ರಾಕ್ಷಿ ಕಡೆ ತಿರುಗುತ್ತೆ. ಎರಡು ತರ್ಸಿ, ಒಂದು ಈಗ, ಒಂದು ಆಮೇಲೆ. ಮೂರನೇದು ನನ್ನ ಪಕ್ಷಪಾತ, ಬೆಲ್ಜಿಯಂನ ಓರ್ವಾಲ್, ಲಂಡನ್ನಿನ ಒಳ್ಳೇ ಬಿಯರ್ ಅಂಗಡೀಲಿ ಸಿಗುತ್ತೆ. ಸನ್ಯಾಸಿಗಳ ಮಠದೊಳಗೇ ಮಾಡೋದು, 6.2 ಪರ್ಸೆಂಟ್, ಬಾಟಲಿಗೆ ತುಂಬೋವಾಗ ಬ್ರೆಟ್ಟನೊಮೈಸಿಸ್ ಅನ್ನೋ ಕಾಡು ಯೀಸ್ಟ್ ಹಾಕ್ತಾರೆ. ತುಂಬಿದ ತಾರೀಖು ಲೇಬಲ್ ಮೇಲೇ ಇರುತ್ತೆ, ಹೊಸದಾಗಿದ್ದಾಗ ಹೂವಿನ ಕಹಿ, ವರ್ಷ ಕಳೆದ್ರೆ ಕುದುರೆ ಲಾಯದ ವಾಸನೆ, ಅದು ಇಷ್ಟ ಆದೋರು ಬೇರೆ ಏನೂ ಕೇಳಲ್ಲ, ಆಗದೋರು ಎರಡನೇ ಗುಟುಕು ಹಾಕಲ್ಲ.

ಸುಂಕ ಇಲ್ದೆ ಒಬ್ರು 2 ಲೀಟರ್ ತರಬೋದು, ವಿಸ್ಕಿ ತಂದ್ರೆ ಅದೂ ಇದರಲ್ಲೇ ಸೇರಿತು, ಮಗನಿಗೆ ಮೊದ್ಲೇ ಹೇಳಿ. ಬ್ಯಾಗ್ ಒಳಗೆ ಒಂದೊಂದು ಬಾಟಲೀನೂ ಕಾಲ್ಚೀಲಕ್ಕೆ ಹಾಕಿ ಬಟ್ಟೆ ನಡುವೆ ಇಡ್ಲಿ, ಚೆಕ್ ಇನ್ ಲಗೇಜಲ್ಲೇ ಬರ್ಬೇಕು. ಮನೆಗೆ ಬಂದ ದಿನಾನೇ ಓಪನ್ ಮಾಡ್ಬೇಡಿ, ವಿಮಾನದಲ್ಲಿ ಕುಲುಕಿ ಯೀಸ್ಟೆಲ್ಲ ಎದ್ದಿರುತ್ತೆ, ಒಂದು ವಾರ ನೆಟ್ಟಗೆ ನಿಲ್ಸಿ. ಆಮೇಲೆ ಇಡೋದನ್ನ ಬೆಂಗಳೂರಿನ ಏಪ್ರಿಲ್ ಸೆಕೆಗೆ ಬೀರುವಲ್ಲಿ ಬಿಡೋ ಹಾಗಿಲ್ಲ, ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬೀಲಿ ಒಂದು ಮೂಲೆ ಮನೆಯವ್ರ ಹತ್ರ ಕೇಳಿ ತಗೊಳಿ.